ಕಾಲೇಜು ಕ್ರೀಡಾಂಗಣಕ್ಕೆ ಕಂಪನಿಯ ಹೆಸರು: ಒಪ್ಪಂದವನ್ನು ಸಿದ್ಧಪಡಿಸುವ ಕ್ರಮ

ಅಮೆರಿಕದ ವಿಶ್ವವಿದ್ಯಾಲಯಗಳ ಫುಟ್‌ಬಾಲ್ ಕ್ರೀಡಾಂಗಣಗಳ ಹೆಸರಿನಲ್ಲಿ ಬ್ಯಾಂಕು, ವಿಮಾನ ಸಂಸ್ಥೆ, ಸೂಪರ್‌ಮಾರ್ಕೆಟ್‌ಗಳೆಲ್ಲ ಸೇರಿಕೊಂಡು ಬಹಳ ಕಾಲವಾಯಿತು. ಆದರೆ 2025ರ ಜೂನ್‌ನಲ್ಲಿ ಕಾಲೇಜು ಆಟಗಾರರು ಹೂಡಿದ್ದ, ‘ಹೌಸ್’ ಎಂದು ಹೆಸರಾದ ಮೊಕದ್ದಮೆಯ ರಾಜಿಗೆ ನ್ಯಾಯಾಲಯ ಒಪ್ಪಿಗೆ ನೀಡಿ, ವಿಶ್ವವಿದ್ಯಾಲಯಗಳು ತಮ್ಮ ಆಟಗಾರರಿಗೆ ನೇರವಾಗಿ ಹಣ ಹಂಚಲು ದಾರಿಯಾದ ಮೇಲೆ ಈ ವ್ಯವಹಾರದ ಒತ್ತಡವೇ ಬೇರೆಯಾಗಿದೆ. ಮೊದಲ ವರ್ಷಕ್ಕೆ ಗೊತ್ತುಪಡಿಸಿದ ಗರಿಷ್ಠ ಮಿತಿ ಒಂದೊಂದು ವಿಶ್ವವಿದ್ಯಾಲಯಕ್ಕೂ ಸುಮಾರು 2.05 ಕೋಟಿ ಡಾಲರ್. ಅಷ್ಟನ್ನು ಹಂಚಲು ಹೊರಟವರು ಆ ಹಣವನ್ನು ಎಲ್ಲಿಂದಲಾದರೂ ಹೊಂದಿಸಲೇಬೇಕು. ಕ್ರೀಡಾಂಗಣದ ಹೆಸರು ಅವರ ಕಣ್ಣಿಗೆ ಮೊದಲು ಬೀಳುವುದು ಸಹಜ.

ಇಂಥ ಒಪ್ಪಂದದ ಸಮಿತಿಯಲ್ಲಿ ಕೂರುವವರು, ಆಡಳಿತ ಮಂಡಳಿಗೆ ಸಲಹೆ ಕೊಡುವ ಹಳೆಯ ವಿದ್ಯಾರ್ಥಿಗಳು, ಲೆಕ್ಕಪತ್ರ ನೋಡುವ ಅಧಿಕಾರಿಗಳು ಯಾವ ಕ್ರಮದಲ್ಲಿ ಮುಂದುವರಿಯಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಈ ವ್ಯವಹಾರದಲ್ಲಿ ಎಲ್ಲರ ಕಣ್ಣೂ ಮೊತ್ತದ ಮೇಲಿರುತ್ತದೆ; ಆದರೆ ವಿಶ್ವವಿದ್ಯಾಲಯಗಳು ದೊಡ್ಡ ಪೆಟ್ಟು ತಿಂದಿರುವುದು ಮೊತ್ತ ಕಡಿಮೆಯಾದದ್ದರಿಂದಲ್ಲ, ಹೆಸರನ್ನು ತೆಗೆಯಲೇಬೇಕಾಗಿ ಬಂದ ದಿನ ಅದಕ್ಕೆ ಬೇಕಾದ ದಾರಿ ಕರಾರುಪತ್ರದಲ್ಲಿ ಇಲ್ಲದೆ ಹೋದದ್ದರಿಂದ. ಆದ್ದರಿಂದ ಹೆಸರು ಏರುವ ದಿನಕ್ಕಿಂತ ಹೆಸರು ಇಳಿಯುವ ದಿನದ ಬಗ್ಗೆ ಹೆಚ್ಚು ಯೋಚಿಸಿ ಕರಡು ಬರೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಮಾರುವ ಹಕ್ಕು ನಿಮ್ಮದೇ ಎಂದು ಮೊದಲು ಖಚಿತಪಡಿಸಿಕೊಳ್ಳಿ

ಕಂಪನಿಗಳ ಬಾಗಿಲು ತಟ್ಟುವ ಮೊದಲು ಹಳೆಯ ಕಡತಗಳನ್ನು ತೆಗೆಸಿ ಓದಿ. ಕ್ರೀಡಾಂಗಣ ಕಟ್ಟುವಾಗ ದಾನ ಕೊಟ್ಟ ಕುಟುಂಬಕ್ಕೆ ಏನು ಬರೆದುಕೊಡಲಾಗಿದೆ, ಕಟ್ಟಡ ಯಾರ ಸ್ಮಾರಕ, ಜಾಗ ವಿಶ್ವವಿದ್ಯಾಲಯದ್ದೋ ಗುತ್ತಿಗೆಯದ್ದೋ, ಹೆಸರು ಬದಲಾಯಿಸುವ ಅಧಿಕಾರ ಕುಲಪತಿಗೆ ಇದೆಯೋ ಅಥವಾ ಆಡಳಿತ ಮಂಡಳಿಯ ಮತ ಬೇಕೋ ಎಂಬ ಪ್ರಶ್ನೆಗಳಿಗೆ ಲಿಖಿತ ಉತ್ತರ ಸಿಗದೆ ಒಂದು ಹೆಜ್ಜೆಯನ್ನೂ ಮುಂದಿಡಬಾರದು.

ಲಾಸ್ ಏಂಜಲೀಸ್‌ನ ಮೆಮೋರಿಯಲ್ ಕೊಲಿಸಿಯಂ ಪ್ರಕರಣವನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ನೋಡಬೇಕು. ಮೊದಲ ಮಹಾಯುದ್ಧದಲ್ಲಿ ಹೋರಾಡಿದವರ ಸ್ಮಾರಕವಾಗಿ ಕಟ್ಟಿ 1923ರಲ್ಲಿ ತೆರೆದ ಈ ಕ್ರೀಡಾಂಗಣವನ್ನು ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು ಗುತ್ತಿಗೆಯ ಮೇಲೆ ನಡೆಸುತ್ತಿದೆ. ನವೀಕರಣಕ್ಕೆ ಹಣ ಬೇಕಾಗಿದ್ದಾಗ, 2018ರಲ್ಲಿ, 16 ವರ್ಷಗಳಿಗೆ 6.9 ಕೋಟಿ ಡಾಲರ್ ಕೊಡುವ ಯುನೈಟೆಡ್ ಏರ್‌ಲೈನ್ಸ್ ಸಂಸ್ಥೆಯೊಂದಿಗಿನ ಒಪ್ಪಂದ ಪ್ರಕಟವಾಯಿತು. ಹೊಸ ಹೆಸರು ಯುನೈಟೆಡ್ ಏರ್‌ಲೈನ್ಸ್ ಮೆಮೋರಿಯಲ್ ಕೊಲಿಸಿಯಂ ಎಂದು ಆಗಬೇಕಿತ್ತು. ಸೈನಿಕರ ಸ್ಮಾರಕದ ಹೆಸರಿನೊಳಗೆ ಕಂಪನಿಯ ಹೆಸರು ನುಗ್ಗುವುದನ್ನು ಮಾಜಿ ಸೈನಿಕರು ಒಪ್ಪಲಿಲ್ಲ, ಕೊಲಿಸಿಯಂ ಆಯೋಗದಲ್ಲೂ ವಿರೋಧ ಬಂತು. ಕೊನೆಗೆ 2019ರಲ್ಲಿ ಲಾಸ್ ಏಂಜಲೀಸ್ ಮೆಮೋರಿಯಲ್ ಕೊಲಿಸಿಯಂ ಎಂಬ ಹೆಸರು ಹಾಗೆಯೇ ಉಳಿದು, ಅದರೊಳಗಿನ ಆಟದ ಅಂಕಣಕ್ಕೆ ಮಾತ್ರ ಯುನೈಟೆಡ್ ಏರ್‌ಲೈನ್ಸ್ ಫೀಲ್ಡ್ ಎಂಬ ಹೆಸರಾಯಿತು. ಸ್ಮಾರಕದ ಹೆಸರಿಗೆ ಜನ ಎಷ್ಟು ಅಂಟಿಕೊಂಡಿದ್ದಾರೆ ಎಂಬುದನ್ನು ಒಪ್ಪಂದ ಪ್ರಕಟಿಸುವ ಮುನ್ನವೇ ಆ ಸಂಘಗಳನ್ನು ಕರೆದು ಕೇಳಿದ್ದರೆ ಒಂದೂವರೆ ವರ್ಷದ ಈ ಜಟಾಪಟಿ ತಪ್ಪುತ್ತಿತ್ತು.

ಕಟ್ಟಡದ ಹೆಸರನ್ನು ಉಳಿಸಿಕೊಂಡು ಅಂಕಣದ ಹೆಸರನ್ನಷ್ಟೇ ಕೊಡುವ ಈ ಮಾರ್ಗವನ್ನು ನಾನು ಎಲ್ಲಕ್ಕಿಂತ ಮೊದಲು ಪರಿಶೀಲಿಸಲು ಹೇಳುತ್ತೇನೆ. ವಾಷಿಂಗ್ಟನ್ ವಿಶ್ವವಿದ್ಯಾಲಯ 2015ರಲ್ಲಿ ಹಸ್ಕಿ ಸ್ಟೇಡಿಯಂ ಎಂಬ ಹೆಸರನ್ನು ಬಿಟ್ಟುಕೊಡದೆಯೇ ಅಂಕಣದ ಹೆಸರಿಗೆ ಅಲಾಸ್ಕಾ ಏರ್‌ಲೈನ್ಸ್‌ನಿಂದ 10 ವರ್ಷಗಳಿಗೆ 4.1 ಕೋಟಿ ಡಾಲರ್ ಪಡೆಯಿತು. ಟೆನ್ನೆಸಿ ವಿಶ್ವವಿದ್ಯಾಲಯ 2024ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಹೆದ್ದಾರಿ ಬದಿಯ ಇಂಧನ ಕೇಂದ್ರಗಳನ್ನು ನಡೆಸುವ ಪೈಲಟ್ ಕಂಪನಿಯೊಂದಿಗೆ 20 ವರ್ಷಗಳ ಒಪ್ಪಂದ ಮಾಡಿಕೊಂಡು, ನೇಲ್ಯಾಂಡ್ ಸ್ಟೇಡಿಯಂ ಎಂಬ ಹೆಸರನ್ನು ಉಳಿಸುವುದೇ ಆ ಒಪ್ಪಂದದ ಉದ್ದೇಶ ಎಂದು ಸಾರಿತು. ಹಳೆಯ ಹೆಸರಿಗೆ ಗೌರವ ಕೊಟ್ಟ ಕಂಪನಿ ಎಂಬ ಹೆಗ್ಗಳಿಕೆಗೂ ಬೆಲೆಯಿದೆ, ಅದನ್ನು ಕೊಳ್ಳಲು ಕಂಪನಿಗಳು ಸಿದ್ಧವಿವೆ.

ಹಕ್ಕು ಯಾರ ಕೈಯಲ್ಲಿದೆ ಎಂಬುದಕ್ಕೆ ಮತ್ತೊಂದು ಮುಖವೂ ಉಂಟು. ಅನೇಕ ವಿಶ್ವವಿದ್ಯಾಲಯಗಳು ತಮ್ಮ ಪ್ರಸಾರ ಮತ್ತು ಜಾಹೀರಾತು ಹಕ್ಕುಗಳನ್ನು ಲರ್ಫೀಲ್ಡ್, ಪ್ಲೇಫ್ಲೈ, ಜೆಎಂಐ ಸ್ಪೋರ್ಟ್ಸ್‌ನಂಥ ಸಂಸ್ಥೆಗಳಿಗೆ ಈಗಾಗಲೇ ಒಟ್ಟಾಗಿ ವಹಿಸಿಕೊಟ್ಟಿರುತ್ತವೆ. ಕೆಂಟಕಿ ವಿಶ್ವವಿದ್ಯಾಲಯದ ಕಾಮನ್‌ವೆಲ್ತ್ ಸ್ಟೇಡಿಯಂ 2017ರಲ್ಲಿ ಕ್ರೋಗರ್ ಫೀಲ್ಡ್ ಆದಾಗ, ವರ್ಷಕ್ಕೆ 18.5 ಲಕ್ಷ ಡಾಲರ್‌ನಂತೆ 12 ವರ್ಷಗಳ ಆ ಒಪ್ಪಂದಕ್ಕೆ ಸೂಪರ್‌ಮಾರ್ಕೆಟ್ ಸಂಸ್ಥೆಯಾದ ಕ್ರೋಗರ್ ಜೊತೆ ಸಹಿ ಹಾಕಿದ್ದು ಜೆಎಂಐ. ನಿಮ್ಮಲ್ಲಿಯೂ ಅಂಥ ಸಂಸ್ಥೆ ಇದ್ದರೆ ಕ್ರೀಡಾಂಗಣದ ಹೆಸರು ಅವರ ಹಕ್ಕಿನೊಳಗೆ ಬರುತ್ತದೆಯೇ, ಬಂದರೆ ವಿಶ್ವವಿದ್ಯಾಲಯಕ್ಕೆ ಉಳಿಯುವ ಪಾಲೆಷ್ಟು, ಹೊರಗಿದ್ದರೆ ಮಾರಿಸಿಕೊಟ್ಟದ್ದಕ್ಕೆ ಅವರಿಗೆ ಕಮಿಷನ್ ಎಷ್ಟು ಎಂಬುದನ್ನು ಇತ್ಯರ್ಥ ಮಾಡಿಕೊಳ್ಳಿ. ಹಾಗೆಯೇ ಕ್ಯಾಂಪಸ್ಸಿನಲ್ಲಿ ಎಟಿಎಂ ಇಡುವ ಏಕಸ್ವಾಮ್ಯ ಒಂದು ಬ್ಯಾಂಕಿಗೂ, ತಂಪು ಪಾನೀಯ ಮಾರುವ ಏಕಸ್ವಾಮ್ಯ ಒಂದು ಕಂಪನಿಗೂ ಇರುವಾಗ, ಅವರ ಪ್ರತಿಸ್ಪರ್ಧಿಗೆ ಕ್ರೀಡಾಂಗಣದ ಹೆಸರು ಕೊಟ್ಟರೆ ಹಳೆಯ ಕರಾರು ಮುರಿದಂತಾಗುತ್ತದೆ.

ಬೆಲೆ ಕಟ್ಟುವುದು

ಬೆಲೆಯನ್ನು ನಿರ್ಧರಿಸಲು ಸ್ವತಂತ್ರ ಮೌಲ್ಯಮಾಪಕರನ್ನು ನೇಮಿಸಿ. ಮಾರಾಟದ ಮೇಲೆ ಕಮಿಷನ್ ಪಡೆಯುವವರನ್ನೇ ಮೌಲ್ಯಮಾಪನಕ್ಕೂ ನೇಮಿಸಬೇಡಿ. ತವರಿನ ಪಂದ್ಯಗಳು ಋತುವಿಗೆ ಆರೇಳು ಮಾತ್ರ ಇದ್ದರೂ ಟಿವಿಯಲ್ಲಿ ಹೆಸರು ಎಷ್ಟು ಸಲ ಕೇಳಿಬರುತ್ತದೆ, ಪಕ್ಕದ ಹೆದ್ದಾರಿಯಲ್ಲಿ ದಿನಕ್ಕೆ ಎಷ್ಟು ವಾಹನ ಓಡಾಡುತ್ತವೆ, ಪದವಿ ಪ್ರದಾನ ಸಮಾರಂಭ, ಸಂಗೀತ ಕಾರ್ಯಕ್ರಮಗಳು ಅಲ್ಲಿ ನಡೆಯುತ್ತವೆಯೇ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ವಿಐಪಿ ಕೊಠಡಿ, ಟಿಕೆಟ್, ವಾಹನ ನಿಲುಗಡೆ ಜಾಗಗಳನ್ನು ಹೆಸರಿನ ಜೊತೆಗೆ ಸೇರಿಸಿ ಕೊಡುವುದಾದರೆ ಪ್ರತಿಯೊಂದಕ್ಕೂ ಬೇರೆ ಬೇರೆ ಬೆಲೆ ಬರೆದಿಡಿ. ಮುಂದೆ ತೆರಿಗೆಯ ಪ್ರಶ್ನೆ ಬಂದಾಗ ಈ ವಿಂಗಡಣೆಯೇ ಆಧಾರವಾಗುತ್ತದೆ.

ಪತ್ರಿಕೆಗಳಲ್ಲಿ ಬರುವ ಒಟ್ಟು ಮೊತ್ತವನ್ನು ನೋಡಿ ಯಾರೂ ಮರುಳಾಗಬಾರದು. ವರ್ಷಕ್ಕೆ 10 ಲಕ್ಷ ಡಾಲರ್‌ನಂತೆ 20 ವರ್ಷ ಏರಿಕೆಯೇ ಇಲ್ಲದೆ ಬಂದರೆ ಒಟ್ಟು 2 ಕೋಟಿ. ಅದೇ ಮೊದಲ ಕಂತನ್ನು ಇಟ್ಟುಕೊಂಡು ಪ್ರತಿವರ್ಷ ಶೇ 3ರಷ್ಟು ಏರಿಕೆ ಬರೆಸಿಕೊಂಡರೆ ಇಪ್ಪತ್ತನೆಯ ವರ್ಷದ ಕಂತು ಸುಮಾರು 17.5 ಲಕ್ಷಕ್ಕೆ ಮುಟ್ಟಿ, ಒಟ್ಟು ಮೊತ್ತ ಸುಮಾರು 2.69 ಕೋಟಿಯಾಗುತ್ತದೆ. ಒಂದೇ ಸಾಲಿನ ಷರತ್ತಿಗೆ ಸುಮಾರು 69 ಲಕ್ಷ ಡಾಲರ್‌ನ ವ್ಯತ್ಯಾಸ. ಅವಧಿ ಉದ್ದವಾದಷ್ಟೂ ಈ ಏರಿಕೆಯ ಷರತ್ತು ಮುಖ್ಯವಾಗುತ್ತದೆ, ಮತ್ತು ಅದನ್ನು ಕೇಳಲು ಸರಿಯಾದ ಸಮಯ ಮೊದಲ ಸಭೆ. ಮೊತ್ತ ಒಪ್ಪಿ ಕೈಕುಲುಕಿದ ಮೇಲೆ ಕೇಳಿದರೆ ಯಾವ ಕಂಪನಿಯೂ ಕೊಡುವುದಿಲ್ಲ.

ಯಾರಿಗೆ ಕೊಡಬಾರದು

ಫ್ಲಾರಿಡಾ ಅಟ್ಲಾಂಟಿಕ್ ವಿಶ್ವವಿದ್ಯಾಲಯ 2013ರ ಫೆಬ್ರುವರಿಯಲ್ಲಿ ತನ್ನ ಹೊಸ ಕ್ರೀಡಾಂಗಣದ ಹೆಸರನ್ನು 12 ವರ್ಷಗಳಲ್ಲಿ 60 ಲಕ್ಷ ಡಾಲರ್ ಕೊಡಲು ಒಪ್ಪಿದ ಜಿಯೋ ಗ್ರೂಪ್‌ಗೆ ನೀಡಿತು. ಅದು ಖಾಸಗಿ ಜೈಲುಗಳನ್ನು ನಡೆಸುವ ಕಂಪನಿ. ವಿದ್ಯಾರ್ಥಿಗಳು ವಿಶ್ವವಿದ್ಯಾಲಯದ ಅಧ್ಯಕ್ಷರ ಕಚೇರಿಯಲ್ಲೇ ಧರಣಿ ಕೂತರು. ತಂಡದ ಲಾಂಛನವಾದ ಗೂಬೆಯನ್ನು ಅಲ್ಕಟ್ರಾಜ್ ಜೈಲಿನ ಹೆಸರಿಗೆ ಜೋಡಿಸಿ ಔಲ್ಕಟ್ರಾಜ್ ಎಂದು ಕ್ರೀಡಾಂಗಣಕ್ಕೆ ಅಡ್ಡಹೆಸರಿಟ್ಟರು. ಏಪ್ರಿಲ್ ಆರಂಭದಲ್ಲಿ ಕಂಪನಿಯೇ ಹಿಂದೆ ಸರಿಯಿತು. ಕಾನೂನಿನ ದೃಷ್ಟಿಯಿಂದ ಆ ದಾನದಲ್ಲಿ ತಪ್ಪಿರಲಿಲ್ಲ. ಆದರೆ ಆ ಹೆಸರಿನ ಕೆಳಗೆ ಕೂತು ಚಪ್ಪಾಳೆ ತಟ್ಟಬೇಕಾದವರನ್ನು ಯಾರೂ ಕೇಳಿರಲಿಲ್ಲ. ಕಂಪನಿಯ ಗುಟ್ಟು ಕಾಯಬೇಕು ಎಂಬ ಕಾರಣ ಕೊಟ್ಟು ವಿದ್ಯಾರ್ಥಿ ಪ್ರತಿನಿಧಿಗಳನ್ನು ಹೊರಗಿಡುವುದು ವಾಡಿಕೆಯಾಗಿದೆ. ಗೋಪ್ಯತೆಯ ಪತ್ರಕ್ಕೆ ಸಹಿ ಹಾಕಿಸಿಕೊಂಡು ಇಬ್ಬರು ವಿದ್ಯಾರ್ಥಿಗಳನ್ನೂ ಇಬ್ಬರು ಅಧ್ಯಾಪಕರನ್ನೂ ಸಮಿತಿಗೆ ಸೇರಿಸಿಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಸಂಸ್ಥೆಯೊಳಗೇ ಇರುವ ಅಸಮಾಧಾನ ಒಪ್ಪಂದ ಪ್ರಕಟವಾಗುವ ಮುನ್ನ ಗೊತ್ತಾಗಲಿ.

ಹಣದ ಗಟ್ಟಿತನವನ್ನು ಪರೀಕ್ಷಿಸುವುದು ಇದರಷ್ಟೇ ಮುಖ್ಯ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 2013ರಲ್ಲಿ ಕಬಾಮ್ ಎಂಬ ಗೇಮಿಂಗ್ ಕಂಪನಿಗೆ ಅಂಕಣದ ಹೆಸರನ್ನು 15 ವರ್ಷಗಳಿಗೆ ಕೊಟ್ಟಿತ್ತು, ಆ ಒಪ್ಪಂದ ಅವಧಿಗೆ ಮುನ್ನವೇ ಮುಗಿಯಿತು. 2021ರಲ್ಲಿ ಅದೇ ಅಂಕಣಕ್ಕೆ ಕ್ರಿಪ್ಟೊ ವಿನಿಮಯ ಸಂಸ್ಥೆಯಾದ ಎಫ್‌ಟಿಎಕ್ಸ್ 10 ವರ್ಷಗಳಿಗೆ 1.75 ಕೋಟಿ ಡಾಲರ್‌ನಷ್ಟನ್ನು ಕ್ರಿಪ್ಟೊ ನಾಣ್ಯದಲ್ಲೇ ಕೊಡಲು ಮುಂದೆ ಬಂತು. 2022ರ ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ದಿವಾಳಿಯಾಯಿತು, ಹೆಸರು ಅಳಿಸಬೇಕಾಯಿತು. ಹೊಸ ಉದ್ಯಮಗಳೊಂದಿಗೆ ಒಪ್ಪಂದ ಮಾಡಲೇಬಾರದು ಎಂದು ನಾನು ಹೇಳುವುದಿಲ್ಲ. ಆದರೆ ಐದು ವರ್ಷದ ಲೆಕ್ಕಪರಿಶೋಧಿತ ಆಯವ್ಯಯ ತೋರಿಸಲಾಗದ ಕಂಪನಿಯಿಂದ ಮೊದಲ ಎರಡು ಮೂರು ವರ್ಷಗಳ ಹಣವನ್ನು ಡಾಲರ್‌ನಲ್ಲಿ ಮುಂಗಡವಾಗಿ ಪಡೆಯಿರಿ, ಉಳಿದದ್ದಕ್ಕೆ ಬ್ಯಾಂಕ್ ಗ್ಯಾರಂಟಿ ಕೇಳಿ. ಸ್ಥಳೀಯ ಕ್ರೆಡಿಟ್ ಯೂನಿಯನ್‌ಗಳು, ಅಂದರೆ ನಮ್ಮ ಸಹಕಾರಿ ಬ್ಯಾಂಕುಗಳನ್ನು ಹೋಲುವ ಸಂಸ್ಥೆಗಳು, ಈಚೆಗೆ ಇಂಥ ಒಪ್ಪಂದಗಳಲ್ಲಿ ಮುಂದೆ ಬರುತ್ತಿರುವುದನ್ನು ನಾನು ಒಳ್ಳೆಯ ಬೆಳವಣಿಗೆ ಎಂದೇ ಭಾವಿಸುತ್ತೇನೆ. ಅವುಗಳ ಗ್ರಾಹಕರೂ ವಿಶ್ವವಿದ್ಯಾಲಯದ ಅಭಿಮಾನಿಗಳೂ ಬಹುಮಟ್ಟಿಗೆ ಒಂದೇ ಊರಿನವರಾಗಿರುತ್ತಾರೆ.

ಹೆಸರು ಇಳಿಸುವ ಷರತ್ತುಗಳು

ಲೂಯಿವಿಲ್ ವಿಶ್ವವಿದ್ಯಾಲಯದ ಕ್ರೀಡಾಂಗಣ 1998ರಲ್ಲಿ ಪಾಪಾ ಜಾನ್ಸ್ ಕಾರ್ಡಿನಲ್ ಸ್ಟೇಡಿಯಂ ಎಂಬ ಹೆಸರಿನಲ್ಲಿ ತೆರೆಯಿತು. 2018ರ ಜುಲೈನಲ್ಲಿ ಪಿಜ್ಜಾ ಕಂಪನಿಯ ಸ್ಥಾಪಕ ಜಾನ್ ಶ್ನಾಟರ್ ಒಂದು ದೂರವಾಣಿ ಸಭೆಯಲ್ಲಿ ಜನಾಂಗೀಯ ನಿಂದನೆಯ ಪದ ಬಳಸಿದ್ದು ಬಯಲಾಯಿತು. ಆಗ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದವರು ವಿಶಾಖಪಟ್ಟಣದಲ್ಲಿ ಹುಟ್ಟಿದ ನೀಲಿ ಬೆಂದಪುಡಿ. ಅವರು ಕೆಲವೇ ದಿನಗಳಲ್ಲಿ ಕಂಪನಿಯ ಹೆಸರನ್ನು ಕ್ರೀಡಾಂಗಣದಿಂದ ತೆಗೆಯುವ ತೀರ್ಮಾನವನ್ನು ಪ್ರಕಟಿಸಿದರು. ನೈತಿಕವಾಗಿ ಅದು ಸರಿಯಾದ ತೀರ್ಮಾನ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೆಸರಿನ ಹಕ್ಕು 2040ರವರೆಗೆ ಇದ್ದದ್ದರಿಂದ, 2019ರಲ್ಲಿ ಆದ ರಾಜಿಯ ಪ್ರಕಾರ ವಿಶ್ವವಿದ್ಯಾಲಯದ ಅಥ್ಲೆಟಿಕ್ಸ್ ಸಂಘವೇ ಪಾಪಾ ಜಾನ್ಸ್‌ಗೆ ಐದು ವರ್ಷಗಳಲ್ಲಿ 95 ಲಕ್ಷ ಡಾಲರ್ ಹಿಂದಿರುಗಿಸಬೇಕಾಯಿತು. 2023ರಲ್ಲಿ ಎಲ್ ಆ್ಯಂಡ್ ಎನ್ ಫೆಡರಲ್ ಕ್ರೆಡಿಟ್ ಯೂನಿಯನ್ 20 ವರ್ಷಗಳಿಗೆ 4.13 ಕೋಟಿ ಡಾಲರ್ ಕೊಟ್ಟು ಹೆಸರು ಪಡೆಯುವ ತನಕ ಕ್ರೀಡಾಂಗಣಕ್ಕೆ ಪ್ರಾಯೋಜಕರಿರಲಿಲ್ಲ.

ಆದ್ದರಿಂದ ನಡತೆಯ ಷರತ್ತನ್ನು ಅಸ್ಪಷ್ಟವಾಗಿ ಬಿಡಬೇಡಿ. ಕಂಪನಿಯಷ್ಟೇ ಅಲ್ಲದೆ ಅದರ ಸ್ಥಾಪಕರು, ನಿರ್ದೇಶಕರು, ಹೆಚ್ಚಿನ ಪಾಲಿನ ಷೇರುದಾರರು ಅಪಕೀರ್ತಿಗೆ ಗುರಿಯಾದರೂ ಒಪ್ಪಂದ ರದ್ದುಮಾಡುವ ಹಕ್ಕು ವಿಶ್ವವಿದ್ಯಾಲಯಕ್ಕಿರಬೇಕು. ನ್ಯಾಯಾಲಯದ ತೀರ್ಪಿಗೆ ಕಾಯುವ ಅಗತ್ಯ ಇರಬಾರದು. ಆಡಳಿತ ಮಂಡಳಿಯು ಸಕಾರಣವಾಗಿ ತೀರ್ಮಾನಿಸಿದರೆ ಸಾಕು ಎಂಬ ಮಾತು ಬರಬೇಕು. ರದ್ದಾದ ಮೇಲೆ ಈಗಾಗಲೇ ಬಂದ ಹಣ ಹಿಂದಿರುಗಿಸಬೇಕಾಗಿಲ್ಲ ಎಂದೂ, ಫಲಕ ಇಳಿಸುವ ಖರ್ಚು ಕಂಪನಿಯದೆಂದೂ ಸ್ಪಷ್ಟವಾಗಿ ಬರೆಯಿರಿ. ಕಂಪನಿಯೂ ಇದೇ ಬಗೆಯ ಷರತ್ತನ್ನು ಕೇಳುತ್ತದೆ, ಅಂದರೆ ತಂಡ ದೊಡ್ಡ ಹಗರಣದಲ್ಲಿ ಸಿಕ್ಕಿಬಿದ್ದರೆ ತಾನು ಹೊರಹೋಗುವ ಹಕ್ಕನ್ನು ಬಯಸುತ್ತದೆ. ಅದು ನ್ಯಾಯವಾದ ಬೇಡಿಕೆ, ಕೊಡಿ. ಆದರೆ ತಂಡ ಸೋಲುತ್ತಿದೆ, ಪ್ರೇಕ್ಷಕರು ಕಡಿಮೆಯಾದರು ಎಂಬ ಕಾರಣಕ್ಕೆ ಹೊರಹೋಗುವ ಅವಕಾಶ ಕೊಡಬೇಡಿ.

ಶಾಶ್ವತ ಎಂಬ ಮಾತು ಕರಾರಿನಲ್ಲಿ ಎಲ್ಲಿಯೂ ಇರಕೂಡದು. ಸಿರಾಕ್ಯೂಸ್ ವಿಶ್ವವಿದ್ಯಾಲಯ ಇದಕ್ಕೆ ದೊಡ್ಡ ಬೆಲೆ ತೆತ್ತಿತು. ಏರ್ ಕಂಡೀಷನರ್ ತಯಾರಿಸುವ ಕ್ಯಾರಿಯರ್ ಕಂಪನಿ 27.5 ಲಕ್ಷ ಡಾಲರ್ ಕೊಟ್ಟದ್ದಕ್ಕೆ 1980ರಲ್ಲಿ ತೆರೆದ ಗುಮ್ಮಟದ ಕ್ರೀಡಾಂಗಣಕ್ಕೆ ಕ್ಯಾರಿಯರ್ ಡೋಮ್ ಎಂಬ ಹೆಸರು ಕಾಯಂ ಆಗಿ ಸಂದಿತ್ತು. ನಾಲ್ಕು ದಶಕಗಳಲ್ಲಿ ಹೆಸರಿನ ಮಾರುಕಟ್ಟೆ ಬೆಲೆ ಎಷ್ಟೋ ಪಟ್ಟು ಏರಿದರೂ ವಿಶ್ವವಿದ್ಯಾಲಯಕ್ಕೆ ಅದರಿಂದ ಬಿಡಿಗಾಸೂ ಬರಲಿಲ್ಲ. ಹಳೆಯ ಬಟ್ಟೆಯ ಚಾವಣಿ ತೆಗೆದು ಗಟ್ಟಿ ಚಾವಣಿ ಹಾಕಿಸಿದ ಮೇಲೆಯೂ ಹೆಸರಿನ ವಿವಾದ ಮುಂದುವರಿದು, ಕ್ಯಾರಿಯರ್ ಜೊತೆ ರಾಜಿಯಾದ ನಂತರ, 2022ರಲ್ಲಿ ಮಾತ್ರ ಅದು ಜೆಎಂಎ ವೈರ್‌ಲೆಸ್ ಡೋಮ್ ಆಯಿತು. ನನ್ನ ಮಟ್ಟಿಗೆ 10ರಿಂದ 15 ವರ್ಷ ಸರಿಯಾದ ಅವಧಿ. 20ಕ್ಕಿಂತ ಹೆಚ್ಚು ಕೊಡಲು ತೀರಾ ಬಲವಾದ ಕಾರಣ ಬೇಕು.

ಕಂಪನಿಗಳು ವಿಲೀನವಾಗುತ್ತವೆ, ಹೆಸರು ಬದಲಿಸಿಕೊಳ್ಳುತ್ತವೆ. ಮಿನ್ನೆಸೋಟಾ ವಿಶ್ವವಿದ್ಯಾಲಯದ ಕ್ರೀಡಾಂಗಣಕ್ಕೆ 25 ವರ್ಷಗಳಿಗೆ 3.5 ಕೋಟಿ ಡಾಲರ್ ಒಪ್ಪಿಕೊಂಡಿದ್ದ ಟಿಸಿಎಫ್ ಬ್ಯಾಂಕು 2021ರಲ್ಲಿ ಹಂಟಿಂಗ್ಟನ್ ಬ್ಯಾಂಕಿನೊಳಗೆ ಸೇರಿತು, ಕ್ರೀಡಾಂಗಣ ಹಂಟಿಂಗ್ಟನ್ ಬ್ಯಾಂಕ್ ಸ್ಟೇಡಿಯಂ ಆಯಿತು. ಮೇರಿಲ್ಯಾಂಡ್‌ನಲ್ಲಿ ಚೆವಿ ಚೇಸ್ ಬ್ಯಾಂಕಿನ ಹೆಸರಿದ್ದ ಅಂಕಣ, ಆ ಬ್ಯಾಂಕನ್ನು ಕ್ಯಾಪಿಟಲ್ ಒನ್ ಕೊಂಡ ಮೇಲೆ 2009ರಲ್ಲಿ ಅದರ ಹೆಸರಿಗೆ ತಿರುಗಿತು. ಹೊಸ ಮಾಲೀಕರಿಗೆ ಹಕ್ಕು ತಾನಾಗಿ ಹೋಗಬಾರದು, ವಿಶ್ವವಿದ್ಯಾಲಯದ ಲಿಖಿತ ಒಪ್ಪಿಗೆ ಬೇಕು, ಇಡೀ ಅವಧಿಯಲ್ಲಿ ಹೆಸರು ಬದಲಾವಣೆಗೆ ಒಂದೇ ಅವಕಾಶ, ಆ ಬದಲಾವಣೆಯ ಪೂರ್ತಿ ವೆಚ್ಚ ಜೊತೆಗೆ ನಿಗದಿತ ಶುಲ್ಕ ಕಂಪನಿಯದು ಎಂದು ಬರೆಯುವುದು ಒಳ್ಳೆಯದು. ಕಂಪನಿ ದಿವಾಳಿ ಅರ್ಜಿ ಹಾಕಿದರೆ ದಿವಾಳಿ ಕಾಯ್ದೆಯಡಿ ನೀವು ಅಂದೇ ಕರಾರು ಮುರಿಯಲು ಸಾಧ್ಯವಾಗದೆ ಹೋಗಬಹುದು. ಆದ್ದರಿಂದ ಕಂತು ತಪ್ಪಿದರೆ, ಲೆಕ್ಕಪತ್ರ ಸಲ್ಲಿಸದಿದ್ದರೆ ಕರಾರು ರದ್ದಾಗುವಂತೆ, ದಿವಾಳಿಗಿಂತ ಮುಂಚಿನ ಹಂತಗಳಲ್ಲೇ ಜಾರಿಗೆ ಬರುವ ಷರತ್ತುಗಳನ್ನು ಇಟ್ಟುಕೊಳ್ಳಿ.

ಇದೇ ನೀಲಿ ಬೆಂದಪುಡಿಯವರು ಮುಂದೆ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಅಧ್ಯಕ್ಷರಾದರು. 2025ರಲ್ಲಿ ಅಲ್ಲಿ 5 ಕೋಟಿ ಡಾಲರ್‌ಗೆ ವೆಸ್ಟ್ ಶೋರ್ ಹೋಮ್ ಕಂಪನಿಯ ಹೆಸರು ಬಂದದ್ದು ಅಂಕಣಕ್ಕೆ ಮಾತ್ರ. ಬೀವರ್ ಸ್ಟೇಡಿಯಂ ಎಂಬ ಹೆಸರು ಹಾಗೆಯೇ ಉಳಿಯಿತು.

ತೆರಿಗೆ, ಬಾಂಡ್ ಮತ್ತು ನಮ್ಮ ದೇಶದ ನಿಯಮ

ಅಮೆರಿಕದ ತೆರಿಗೆ ಸಂಹಿತೆಯ 513(ಐ) ಉಪವಿಧಿಯ ಪ್ರಕಾರ, ಪ್ರಾಯೋಜಕರ ಹೆಸರು, ಲಾಂಛನಗಳನ್ನು ಕೃತಜ್ಞತೆಯ ರೂಪದಲ್ಲಿ ತೋರಿಸಿದ್ದಕ್ಕೆ ಬರುವ ಹಣಕ್ಕೆ ವಿಶ್ವವಿದ್ಯಾಲಯ ತೆರಿಗೆ ಕಟ್ಟಬೇಕಾಗಿಲ್ಲ. ಆದರೆ ನಮ್ಮ ಸೇವೆಯೇ ಶ್ರೇಷ್ಠ ಎಂಬ ಹೊಗಳಿಕೆ, ಬೆಲೆಯ ವಿವರ, ಇಂದೇ ಖಾತೆ ತೆರೆಯಿರಿ ಎಂಬ ಕರೆ ಫಲಕದಲ್ಲಿ ಸೇರಿದ ಕೂಡಲೇ ಅದು ಜಾಹೀರಾತಾಗುತ್ತದೆ. ಹಣದ ಮೊತ್ತವನ್ನು ಪ್ರೇಕ್ಷಕರ ಸಂಖ್ಯೆಗೋ ಟಿವಿ ರೇಟಿಂಗ್‌ಗೋ ಜೋಡಿಸಿದರೂ ವಿನಾಯಿತಿ ಹೋಗುತ್ತದೆ. ಏಕಸ್ವಾಮ್ಯದ ಮಾರಾಟ ಹಕ್ಕಿನ ಮೌಲ್ಯಕ್ಕೂ ಈ ರಕ್ಷಣೆ ಇಲ್ಲ. ಕ್ರೀಡಾಂಗಣವನ್ನು ತೆರಿಗೆರಹಿತ ಬಾಂಡ್‌ನ ಹಣದಿಂದ ಕಟ್ಟಿದ್ದರೆ ಖಾಸಗಿ ವ್ಯಾಪಾರದ ಬಳಕೆಗೆ ಮಿತಿ ಇರುತ್ತದೆ, ಸರ್ಕಾರಿ ಸಂಸ್ಥೆಗಳ ಬಾಂಡ್‌ನಲ್ಲಿ ಸಾಮಾನ್ಯವಾಗಿ ಶೇ 10. ಹೆಸರಿನ ಹಕ್ಕು ಈ ಮಿತಿಯೊಳಗೆ ಬರುತ್ತದೆಯೇ ಎಂದು ಬಾಂಡ್ ವಕೀಲರಿಂದ ಲಿಖಿತ ಅಭಿಪ್ರಾಯ ಪಡೆಯದೆ ಸಹಿ ಹಾಕಬೇಡಿ.

ಕರ್ನಾಟಕದ ಕಾಲೇಜುಗಳು ಇದೇ ದಾರಿ ಹಿಡಿಯುವುದಾದರೆ ಎರಡು ವಿಷಯಗಳನ್ನು ಗಮನಿಸಬೇಕು. 2021ರಲ್ಲಿ ತಿದ್ದುಪಡಿಯಾದ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ನಿಯಮಗಳ ಪ್ರಕಾರ, ತನ್ನ ಸರಕು ಅಥವಾ ಸೇವೆಗೆ ಮಾರುಕಟ್ಟೆಯ ಲಾಭ ಪಡೆಯಲು ಕಂಪನಿ ಕೊಡುವ ಪ್ರಾಯೋಜಕತ್ವದ ಹಣ ಸಿಎಸ್‌ಆರ್ ವೆಚ್ಚ ಎನಿಸುವುದಿಲ್ಲ. ಆದ್ದರಿಂದ ಮೈದಾನಕ್ಕೆ ಹೆಸರಿಡಿ, ಹಣವನ್ನು ಸಿಎಸ್‌ಆರ್ ಲೆಕ್ಕಕ್ಕೆ ಹಾಕೋಣ ಎಂಬ ಪ್ರಸ್ತಾಪ ಬಂದರೆ ಒಪ್ಪಬೇಡಿ. ಎರಡನೆಯದು ಜಿಎಸ್‌ಟಿ. 2019ರ ಅಕ್ಟೋಬರ್‌ನ ಕೇಂದ್ರ ಸುತ್ತೋಲೆಯಂತೆ ದತ್ತಿ ಸಂಸ್ಥೆಗೆ ಕೊಟ್ಟ ನಿಜವಾದ ದಾನಕ್ಕೆ ಕೃತಜ್ಞತೆಯಾಗಿ, ವ್ಯಾಪಾರದ ಪ್ರಚಾರವಿಲ್ಲದೆ, ದಾನಿಯ ಹೆಸರು ಬರೆಸಿದರೆ ತೆರಿಗೆಯಿಲ್ಲ. ಪ್ರಚಾರದ ಉದ್ದೇಶವಿದ್ದರೆ ಅದು ಸೇವೆಯ ಮಾರಾಟ. ಹೆಸರಿನ ಹಕ್ಕಿನ ಒಪ್ಪಂದ ಈ ಎರಡನೆಯ ಗುಂಪಿನದ್ದು, ದರ ಹೇಳುವಾಗಲೇ ತೆರಿಗೆ ಪ್ರತ್ಯೇಕ ಎಂದು ಬರೆಯಿರಿ.

ಸಹಿಯಾದ ನಂತರ

ಹೆಸರು ಎಲ್ಲೆಲ್ಲಿ ಬರಬೇಕು ಎಂಬುದನ್ನು ಕರಾರಿನ ಅನುಬಂಧದಲ್ಲಿ ಚಿತ್ರಸಮೇತ ಲಗತ್ತಿಸಿ: ಮುಖ್ಯದ್ವಾರ, ಸ್ಕೋರ್‌ಬೋರ್ಡ್, ಟಿಕೆಟ್, ಪಾರ್ಕಿಂಗ್ ಪಾಸ್, ಬಸ್ ನಿಲ್ದಾಣ, ಕಾವಲು ಸಿಬ್ಬಂದಿಯ ಅಂಗಿ, ಆ್ಯಂಬುಲೆನ್ಸ್ ಮತ್ತು ಅಗ್ನಿಶಾಮಕ ದಳದ ವಿಳಾಸಪಟ್ಟಿ. ಕೊನೆಯದನ್ನು ಜನ ಮರೆಯುತ್ತಾರೆ, ಅದು ಪ್ರಾಣದ ವಿಷಯ. 2024ರಿಂದ, ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ ಸಂಸ್ಥೆಯ ನಿಯಮ ಸಡಿಲಗೊಂಡು ಲೀಗ್ ಹಂತದ ಫುಟ್‌ಬಾಲ್ ಪಂದ್ಯಗಳಲ್ಲಿ ಅಂಕಣದ ಮೇಲೆಯೇ ಕಂಪನಿಗಳ ಲಾಂಛನ ಹಾಕಬಹುದಾಗಿದೆ. ಆ ಜಾಗ ಹೆಸರಿನ ಜೊತೆ ಸೇರಿದೆಯೋ ಬೇರೆಯಾಗಿ ಮಾರಬಹುದೋ ಎಂಬುದು ಸ್ಪಷ್ಟವಾಗಿರಲಿ. ಎನ್‌ಸಿಎಎಯ ಚಾಂಪಿಯನ್‌ಷಿಪ್ ಪಂದ್ಯಗಳು ನಡೆದಾಗ ಜಾಹೀರಾತು ಫಲಕಗಳನ್ನು ಮುಚ್ಚಬೇಕಾಗಿ ಬರಬಹುದು, ಅದಕ್ಕಾಗಿ ಕಂಪನಿಗೆ ರಿಯಾಯಿತಿ ಸಲ್ಲದು ಎಂದೂ ಬರೆಯಿರಿ. ಅಧಿಕೃತ ಪ್ರಕಟಣೆಗಳಲ್ಲಿ ಹೊಸ ಹೆಸರು ಬಳಸುವ ಬಾಧ್ಯತೆ ಅಥ್ಲೆಟಿಕ್ಸ್ ವಿಭಾಗಕ್ಕೆ ಇರಲಿ. ವಿದ್ಯಾರ್ಥಿ ಪತ್ರಿಕೆ, ಅಧ್ಯಾಪಕರ ಬರಹ, ಕಂಪನಿಯನ್ನು ಟೀಕಿಸುವ ಸಂಶೋಧನೆ ಇವು ಯಾವುವೂ ಕರಾರಿನ ವ್ಯಾಪ್ತಿಗೆ ಬರುವುದಿಲ್ಲ ಎಂಬ ಒಂದು ವಾಕ್ಯವನ್ನು ಒತ್ತಾಯ ಮಾಡಿಯಾದರೂ ಸೇರಿಸಿ.

ಒಪ್ಪಂದ ನಡೆಯುವ ಇಷ್ಟು ವರ್ಷಗಳಲ್ಲಿ ಅಥ್ಲೆಟಿಕ್ಸ್ ನಿರ್ದೇಶಕರು ಹಲವರು ಬಂದುಹೋಗುತ್ತಾರೆ. ಕಂತಿನ ದಿನಾಂಕ, ಏರಿಕೆಯ ಲೆಕ್ಕ, ಗ್ಯಾರಂಟಿಯ ಅವಧಿ, ನವೀಕರಣದ ನೋಟಿಸ್ ಕೊಡಬೇಕಾದ ಕೊನೆಯ ದಿನ ಇವಿಷ್ಟನ್ನೂ ಒಂದೇ ಹಾಳೆಯಲ್ಲಿ ಬರೆದು, ಅಥ್ಲೆಟಿಕ್ಸ್ ವಿಭಾಗದಲ್ಲಷ್ಟೇ ಅಲ್ಲದೆ ವಿಶ್ವವಿದ್ಯಾಲಯದ ಕಾನೂನು ಕಚೇರಿಯಲ್ಲೂ ಹಣಕಾಸು ಕಚೇರಿಯಲ್ಲೂ ಇಡಬೇಕು. ನವೀಕರಣದ ಮಾತುಕತೆಯನ್ನು ಅವಧಿ ಮುಗಿಯುವುದಕ್ಕೆ ಎರಡು ವರ್ಷ ಮೊದಲು ಆರಂಭಿಸಿ. ಹಳೆಯ ಪ್ರಾಯೋಜಕರಿಗೆ ಮೊದಲು ಮಾತನಾಡುವ ಅವಕಾಶವನ್ನು 90 ದಿನಕ್ಕೆ ಮಿತಗೊಳಿಸಿದರೆ, ಅವರು ಒಪ್ಪದಿದ್ದರೂ ಹೊಸಬರನ್ನು ಹುಡುಕಲು ಒಂದು ಪೂರ್ತಿ ಋತು ನಿಮ್ಮ ಕೈಯಲ್ಲಿರುತ್ತದೆ.